ಚಿಗುರದ ಹನ್ನೆರಡು ಮಂದಿ ಹಾರ್ನ್‌ಬೀಮ್‌ಗಳ ಸನ್ನಿಧಾನಕ್ಕೆ

ಕಿಂಗ್ಸ್‌ಬರಿ, ಲಂಡನ್
ಏಪ್ರಿಲ್ ಇಪ್ಪತ್ತನಾಲ್ಕು

ಮಾನ್ಯರೇ,

ಮೊಣಕಾಲೆತ್ತರದ ಮೈ, ಪೆನ್ಸಿಲಿನ ದಪ್ಪದ ಕಾಂಡ ಮತ್ತು ಯಾರ ಮಾತಿಗೂ ಬಗ್ಗದ ಮನಸ್ಸು, ಈ ಮೂರನ್ನೇ ಬಂಡವಾಳ ಮಾಡಿಕೊಂಡು ನಮ್ಮ ಹಿತ್ತಲಿನಲ್ಲಿ ಸಾಲಾಗಿ ನಿಂತಿರುವ ತಮ್ಮ ಹನ್ನೆರಡೂ ಮಂದಿಯ ಸನ್ನಿಧಾನಕ್ಕೆ, ನಾಲ್ಕೂವರೆ ತಿಂಗಳಿಂದ ತಮ್ಮ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಸೊಂಟ ಹಿಡಿಸಿಕೊಂಡಿರುವ ಮುಕುಂದನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವನ್ನು ಸದ್ಯಕ್ಕೆ ಕಾಗದದ ಮೇಲೆ ಮಾತ್ರ ಸ್ವೀಕರಿಸಬೇಕು, ಕಾರಣ ಸೊಂಟ. ತಾವು ಕ್ಷೇಮವೇ ಎಂದು ವಿಚಾರಿಸುವುದು ಪತ್ರದ ಪದ್ಧತಿ. ಆದರೆ ತಾವು ಇದ್ದೀರೋ ಇಲ್ಲವೋ ಎಂಬುದೇ ಈ ಪತ್ರದ ವಿಷಯವಾದ್ದರಿಂದ ಆ ಪ್ರಶ್ನೆಯನ್ನು ಸ್ವಲ್ಪ ಮುಂದಕ್ಕೆ ಹಾಕಿದ್ದೇನೆ.

ಇದನ್ನು ಕಿವಿಯಲ್ಲೇ ಹೇಳಬಹುದಿತ್ತಲ್ಲ, ನಮ್ಮ ಕನ್ನಡ ಕೂಟದ ಪತ್ರಿಕೆಯಲ್ಲಿ ಹಾಕಿ ಊರಿಗೆಲ್ಲ ಸಾರಬೇಕಿತ್ತೇ ಎಂದು ತಾವು ಕೇಳಬಹುದು. ಕಿವಿಯಲ್ಲಿ ಹೇಳಿಯೂ ಆಯಿತು. ಡಿಸೆಂಬರಿನಿಂದ ಮಾರ್ಚಿನವರೆಗೆ ದಿನಾ ಬೆಳಗ್ಗೆ ಕಾಫಿ ಲೋಟ ಹಿಡಿದು ಬಂದು ತಮ್ಮೊಡನೆ ಮಾತಾಡಿದವನು ನಾನು. ಮೊದಲು ಕನ್ನಡದಲ್ಲಿ, ಆಮೇಲೆ ತಾವು ಈ ದೇಶದ ಮೂಲನಿವಾಸಿಗಳಾದ್ದರಿಂದ ಅರ್ಥವಾಗದೆ ಇರಬಹುದೆಂದು ಇಂಗ್ಲಿಷಿನಲ್ಲಿ, ಅದೂ ಕೌನ್ಸಿಲ್ ಆಫೀಸಿಗೆ ಫೋನ್ ಮಾಡುವಾಗ ಮಾತ್ರ ನಾನು ಹೊರತೆಗೆಯುವ, ಇಸ್ತ್ರಿ ಮಾಡಿಟ್ಟ ಇಂಗ್ಲಿಷಿನಲ್ಲಿ. ಈಗ ಪಕ್ಕದ ಮನೆಯ ಸ್ಟಾಫ್ ನರ್ಸ್ ಇಜಾಬೆಲ್ ಅವರು ನಾನು ತಮ್ಮ ಹತ್ತಿರ ನಿಂತು ಮಾತಾಡುವುದನ್ನು ನಿಷೇಧಿಸಿದ್ದಾರೆ. ಯಾಕೆ ನಿಷೇಧಿಸಿದರು ಎಂಬುದು ಮುಂದೆ ಬರುತ್ತದೆ. ಬರೆಯಬಾರದು ಎಂದು ಅವರು ಹೇಳಿಲ್ಲ. ಆ ಸಂದಿಯಲ್ಲಿ ನುಸುಳಿ ಬಂದ ಪತ್ರ ಇದು.

ಪೂರ್ವಕಥೆ ತಿಳಿಯದ ಓದುಗರಿಗಾಗಿ ನಾಲ್ಕು ಮಾತು. ತಾವು ಬೇಕಾದರೆ ಈ ಭಾಗದಲ್ಲಿ ನಿದ್ದೆ ಮಾಡಬಹುದು, ಹೇಗೂ ಅಭ್ಯಾಸವಿದೆ.

ಕಳೆದ ನವೆಂಬರಿನ ಬಿರುಗಾಳಿಗೆ ನಮ್ಮ ಹಿತ್ತಲಿಗೂ ಪಕ್ಕದ ಮನೆಯ, ಉಡುಪಿ ಕಡೆಯ ಗಿಲ್ಬರ್ಟ್ ಅವರ ಹಿತ್ತಲಿಗೂ ನಡುವೆ ಇದ್ದ ಮರದ ಫೆನ್ಸು ಮಕಾಡೆ ಬಿತ್ತು. ಅದು ಬಿದ್ದ ಸದ್ದಿಗೆ ಎರಡೂ ಮನೆಯವರು ಏಕಕಾಲಕ್ಕೆ ಅಡುಗೆಮನೆಯ ಬಾಗಿಲು ತೆರೆದು ನೋಡಿದೆವು. ನಾಲ್ಕು ವರ್ಷ ಪಕ್ಕಪಕ್ಕ ಇದ್ದೂ ನಾವು ಒಬ್ಬರನ್ನೊಬ್ಬರು ನೋಡಿದ್ದು ಹೆಚ್ಚಾಗಿ ಕಸದ ಡಬ್ಬಿ ಹೊರಗಿಡುವ ದಿನ ಮಾತ್ರ. ಎರಡೂ ಮನೆಯ ಮುಂಬಾಗಿಲ ನಡುವೆ ಹನ್ನೊಂದೇ ಹೆಜ್ಜೆ. ಆದರೆ ಈ ಊರಿನಲ್ಲಿ ಆ ಹನ್ನೊಂದು ಹೆಜ್ಜೆ ಇಡುವ ಮೊದಲು ಬರಬಹುದೇ, ಬಿಡುವಿದೆಯೇ, ಶನಿವಾರ ಸರಿಯೇ, ಮುಂದಿನ ಶನಿವಾರವೇ ಎಂದು ಮೆಸೇಜು ಕಳಿಸಬೇಕು. ಅಪಾಯಿಂಟ್‌ಮೆಂಟ್ ತಗೊಂಡು ಯಾರು ತಾನೇ ಒಗ್ಗರಣೆಗೆ ಸಾಸಿವೆ ಕೇಳಲು ಹೋಗುತ್ತಾರೆ? ಫೆನ್ಸು ಬಿದ್ದ ಮರುದಿನವೇ ಗಿಲ್ಬರ್ಟ್ ಅವರ ಹೆಂಡತಿ ಇಜಾಬೆಲ್ ಅವರು ನೈಟಿಯ ಮೇಲೊಂದು ಸ್ವೆಟರು ಹಾಕಿಕೊಂಡು, ಕೈಯಲ್ಲಿ ‘ಸಣ್ಣ’ ಎಂಬ ಅವರ ಕಡೆಯ ಇಡ್ಲಿಗಳ ತಟ್ಟೆ ಹಿಡಿದು, ಬಿದ್ದ ಫೆನ್ಸಿನ ಮೇಲೆಯೇ ನಡೆದು ನಮ್ಮ ಅಡುಗೆಮನೆಗೆ ಬಂದು, ಬೆಳಗ್ಗಿನ ಡ್ಯೂಟಿಗೆ ಹೊರಟಿದ್ದ ನನ್ನ ಹೆಂಡತಿ ಶ್ರೀಲತಾಳನ್ನು, "ಡಾಕ್ಟ್ರಕ್ಕ, ಇದು ಬಿಸಿ ಉಂಟು, ನಿಂತುಕೊಂಡೇ ತಿನ್ನಿ" ಎಂದು ತಡೆದು ನಿಲ್ಲಿಸಿದರು. ನಮ್ಮಿಂದ ಬಿಸಿಬೇಳೆಬಾತು ಆ ಕಡೆ ಹೋಯಿತು. ಆಮೇಲೆ ಯಾರ ತಟ್ಟೆ ಯಾರ ಮನೆಯಲ್ಲಿದೆ ಎಂಬ ಗೊಡವೆಯನ್ನೇ ನಾವು ಬಿಟ್ಟೆವು.

ಇದರಲ್ಲಿ ನನ್ನ ಸ್ವಾರ್ಥ ಏನೆಂದು ತಮಗೆ ನೇರವಾಗಿ ಹೇಳಿಬಿಡುತ್ತೇನೆ. ನಮ್ಮ ಮಗಳು ಮಾಳವಿಕಾ, ಹನ್ನೊಂದು ವರ್ಷ, ಕನ್ನಡ ಅಕ್ಷರಶಃ ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷು. ಹತ್ತು ವರ್ಷ ನಾನು ಕತೆ ಹೇಳಿದೆ, ಹಾಡು ಹೇಳಿದೆ, ಚಾಕೊಲೇಟಿನ ಲಂಚ ಕೊಟ್ಟೆ. ಚಾಕೊಲೇಟು ತಿಂದು "ಥ್ಯಾಂಕ್ಸ್ ಅಪ್ಪ" ಎಂದಳು. ಫೆನ್ಸು ಬಿದ್ದ ಮೇಲೆ ಅವಳು ಸ್ಕೂಲಿನಿಂದ ನೇರ ಆ ಕಡೆಗೆ, ಅವರ ಮಗಳು ಕ್ಯಾರೊಲಿನ್ ಜೊತೆಗೆ. ಆ ಮನೆಯಲ್ಲಿ ಪ್ರಾರ್ಥನೆಗೂ ಬೈಯುವುದಕ್ಕೂ ಕೊಂಕಣಿ, ಆದರೆ ಮಾಳವಿಕಾಳನ್ನು ಬೈಯುವುದಕ್ಕೆ ಮರ್ಯಾದೆಯಿಂದ ಕನ್ನಡ. ಡಿಸೆಂಬರಿನ ಒಂದು ಸಂಜೆ ನಾನು ತಮ್ಮ ಬುಡದಲ್ಲಿ ಭಾಷಣ ಮಾಡುತ್ತಿದ್ದಾಗ ಹಿಂದಿನಿಂದ ಒಂದು ಧ್ವನಿ, "ಸಾಕು ಮಾರಾಯ್ರೆ, ಅದಕ್ಕೆ ಚಳಿ ಆಗ್ತಾ ಉಂಟು, ನೀವು ಒಳಗೆ ಬನ್ನಿ" ಎಂದಿತು. ತಿರುಗಿ ನೋಡಿದರೆ ಮಾಳವಿಕಾ. ಶ್ರೀಲತಾ ಅಪ್ಪಟ ಮೈಸೂರಿನವಳು, ಕೈಯಲ್ಲಿದ್ದ ಸೌಟು ಹಾಗೇ ಹಿಡಿದು, "ಇದು ನಮ್ಮ ಮಗೂನೇನಾ?" ಎಂದು ಕೇಳಿದಳು. ಅಪ್ಪನಿಗೆ ಮಾರಾಯ್ರೆ ಎನ್ನುವ ಮಗಳು. ಇರಲಿ, ಉಡುಪಿಯ ಬಾಗಿಲಿನಿಂದಲಾದರೂ ಕನ್ನಡ ನಮ್ಮ ಮನೆಗೆ ಬಂತು. ಆ ಬಾಗಿಲು ಮುಚ್ಚುತ್ತದೋ ಇಲ್ಲವೋ ಎಂಬುದು ತಮ್ಮ ಕೈಯಲ್ಲಿದೆ, ಅಥವಾ ಕೈ ಇರಬೇಕಾದ ಕಡೆ ತಮಗೇನಿದೆಯೋ ಅದರಲ್ಲಿದೆ.

ಯಾಕೆಂದರೆ ಗಿಲ್ಬರ್ಟ್ ಅವರಿಗೆ ಫೆನ್ಸು ಬೇಕು. ಅವರು ಕೆಟ್ಟವರಲ್ಲ, ಕ್ರಮದವರು. ಪಾರ್ಕ್ ರಾಯಲ್‌ನ ಒಂದು ಬನ್ನಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷದಿಂದ ಕ್ವಾಲಿಟಿ ನೋಡುವ ಕೆಲಸ. ನಲವತ್ತೆಂಟು ಬನ್ನಿನ ಟ್ರೇಯಲ್ಲಿ ನಲವತ್ತೇಳು ಬಂದರೆ ಇಡೀ ಲೈನು ನಿಲ್ಲಿಸಿ, ಕಾಣೆಯಾದ ಬನ್ನು ಸಿಗುವವರೆಗೆ ಯಾರನ್ನೂ ಚಹಾಕ್ಕೆ ಬಿಡದವರು. "ಪಾಗಾರ ಇಲ್ಲದ ಮನೆ ಎಂಥ ಮನೆ ಮಾರಾಯ್ರೆ, ಬಸ್‌ಸ್ಟ್ಯಾಂಡಿನ ಹಾಗೆ" ಎಂಬುದು ಅವರ ವಾದ; ಪಾಗಾರವೆಂದರೆ ಅವರ ಕಡೆಯ ಕಾಂಪೌಂಡು ಗೋಡೆ. ಆರಡಿ ಎತ್ತರದ ಮರದ ಪ್ಯಾನೆಲುಗಳನ್ನು ಆಗಲೇ ತಂದು ಅವರ ಮನೆಯ ಪಕ್ಕದ ಓಣಿಯಲ್ಲಿ ನಿಲ್ಲಿಸಿಯೂ ಆಗಿತ್ತು. ಹಸಿರುಬೇಲಿ ಹಾಕೋಣ, ಅದೂ ಪಾಗಾರವೇ, ಉಸಿರಾಡುವ ಪಾಗಾರ ಎಂದು ನಾನು ಗೋಗರೆದೆ. ಕೊನೆಗೆ ಒಪ್ಪಂದವಾಯಿತು. ಒಟ್ಟು ಇಪ್ಪತ್ತನಾಲ್ಕು ಹಾರ್ನ್‌ಬೀಮ್ ಎಂಬ ಬೇಲಿಮರದ ಸಸಿ, ಮೀಟರಿಗೆ ಮೂರರಂತೆ. ಹಿತ್ತಲಿನ ತುದಿಯ ಹನ್ನೆರಡು ಅವರ ಪಾಲನೆಗೆ, ಅಡುಗೆಮನೆಯ ಕಡೆಯ ಹನ್ನೆರಡು ನನ್ನ ಪಾಲನೆಗೆ. "ಮೇ ಒಂದಕ್ಕೆ ನಾನು ಎಣಿಸ್ತೇನೆ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಚಿಗುರಿರಬೇಕು. ಒಂದು ಕಮ್ಮಿಯಾದ್ರೂ ಪ್ಯಾನೆಲ್." ಕೈ ಕುಲುಕಿದೆವು. ಬನ್ನಿನ ಕಾರ್ಖಾನೆಯ ಕೈ, ಬಿಗಿಯಾಗಿತ್ತು.

ಹೀಗೆ ತಾವು ಬಂದಿರಿ. ಮಣ್ಣಿಲ್ಲದ ಬರಿ ಬೇರಿನಲ್ಲಿ, ಗೋಣಿಚೀಲದಲ್ಲಿ ಸುತ್ತಿಕೊಂಡು, ಊರಿಗೆ ಹೊರಟ ಮದುವೆ ದಿಬ್ಬಣದ ಮುದುಕರಂತೆ ಒಬ್ಬರ ಮೇಲೊಬ್ಬರು ಒರಗಿಕೊಂಡು. ಜೊತೆಯಲ್ಲಿ ನರ್ಸರಿಯವರ ಒಂದು ಕರಪತ್ರವಿತ್ತು. ಬೇರನ್ನು ನೆನೆಸಿ ನೆಡಿ, ಮರದ ಚೂರುಗಳನ್ನು ಬುಡದ ಸುತ್ತ ಹರಡಿ ಆದರೆ ಕಾಂಡಕ್ಕೆ ತಾಗಿಸಬೇಡಿ, ಕಳೆ ಕೀಳಿ, ವಸಂತದ ಆರಂಭದಲ್ಲಿ ಒಂದು ಹಿಡಿ ಗೊಬ್ಬರ, ಮಳೆಯಿಲ್ಲದ ವಾರ ನೀರು, ಜೀವದ ಅನುಮಾನ ಬಂದರೆ ತೊಗಟೆ ಒಂಚೂರು ಕೆರೆದು ನೋಡಿ, ಆಗಸ್ಟಿನ ಕೊನೆಗೆ ಕತ್ತರಿ, ಉಳಿದಂತೆ ತಾಳ್ಮೆ. ಇಷ್ಟೇ. ಅರ್ಧ ಪುಟ. ಇಷ್ಟು ದೊಡ್ಡ ಜವಾಬ್ದಾರಿಗೆ ಅರ್ಧ ಪುಟದ ಕರಪತ್ರವೇ ಎಂದು ನನಗೆ ಅನುಮಾನ ಬಂದದ್ದೇ ಎಲ್ಲ ಅನರ್ಥಕ್ಕೆ ಮೂಲ.

ಲಂಡನ್ನಿನ ಪ್ರತಿಯೊಂದು ಕನ್ನಡ ಮನೆಯಲ್ಲೂ ಅಡುಗೆಮನೆಯ ಕಿಟಕಿಯ ಹತ್ತಿರ, ರೇಡಿಯೇಟರಿನ ಬೆಚ್ಚಗಿನಲ್ಲಿ, ಒಂದು ಕರಿಬೇವಿನ ಗಿಡ ಕೂತಿರುತ್ತದೆ ಎಂಬುದು ತಮಗೆ ಗೊತ್ತಿರಲಾರದು. ಮಕ್ಕಳಿಗೆ ಜ್ವರ ಬಂದರೆ ಪ್ಯಾರಾಸಿಟಮಾಲ್ ಕೊಟ್ಟು ಸ್ಕೂಲಿಗೆ ಕಳಿಸುವವರೂ ಆ ಗಿಡದ ಒಂದೆಲೆ ಹಳದಿಯಾದರೆ ರಜೆ ಹಾಕಿ ಮನೆಯಲ್ಲಿ ಕೂರುತ್ತಾರೆ. ಅದರ ಉಪಚಾರಕ್ಕೆ ಶಾಸ್ತ್ರವಿದೆ: ವಾರಕ್ಕೊಮ್ಮೆ ಹುಳಿ ಮಜ್ಜಿಗೆ, ದಿನ ಬಿಟ್ಟು ದಿನ ಅಕ್ಕಿ ತೊಳೆದ ನೀರು, ಭಾನುವಾರ ಫಿಲ್ಟರಿನ ಕಾಫಿ ಗಸಿ. ನಾನು ಬಲ್ಲ ತೋಟಗಾರಿಕೆ ಅದೊಂದೇ. ಗಿಡ ಅಂದಮೇಲೆ ಗಿಡ ತಾನೇ, ಕರಿಬೇವಿಗೆ ಹಿಡಿದದ್ದು ಹಾರ್ನ್‌ಬೀಮಿಗೆ ಹಿಡಿಯದೇ ಎಂದುಕೊಂಡು ಆ ಶಾಸ್ತ್ರವನ್ನು ಹನ್ನೆರಡರಿಂದ ಗುಣಿಸಿ ಜನವರಿಯ ಹಿಮದಲ್ಲಿ ತಮಗೆ ಅಭಿಷೇಕ ಮಾಡಿದೆ. ಮಜ್ಜಿಗೆ ತಮ್ಮ ಬುಡದಲ್ಲಿ ಹೆಪ್ಪುಗಟ್ಟಿತು. ಅಂದರೆ ಮಂಜುಗಡ್ಡೆಯಾಯಿತು, ಮೊಸರಾಗಲಿಲ್ಲ. ಇಷ್ಟೆಲ್ಲ ಅಪಚಾರವನ್ನೂ ಒಂದು ಮುಖಭಾವವನ್ನೂ ಬದಲಿಸದೆ ಸಹಿಸಿದ ತಮ್ಮ ಸಂಯಮಕ್ಕೆ ನನ್ನ ಗೌರವ ಇಂದಿಗೂ ಕಡಿಮೆಯಾಗಿಲ್ಲ. ಸರ್ಕಾರಿ ಕಚೇರಿಗಳಲ್ಲಿಯೂ ಅಷ್ಟು ನಿಶ್ಚಲತೆಯನ್ನು ನಾನು ಕಂಡಿಲ್ಲ.

ಹಳೆಯ ಎಲೆಗಳ ಪ್ರಕರಣವನ್ನೂ ಒಪ್ಪಿಕೊಂಡುಬಿಡುತ್ತೇನೆ. ತಾವು ಹೋದ ವರ್ಷದ ಒಣಗಿದ ಕಂದು ಎಲೆಗಳನ್ನು ಚಳಿಗಾಲವಿಡೀ ಉದುರಿಸದೆ ಮೈಮೇಲೆ ಇಟ್ಟುಕೊಳ್ಳುವವರು, ಅದು ತಮ್ಮ ವಂಶದ ರೂಢಿ, ಒಳಗಿನ ಮೊಗ್ಗಿಗೆ ಅದೇ ಕಂಬಳಿ. ನನಗೆ ಗೊತ್ತಿರಲಿಲ್ಲ. ಯುಗಾದಿ ಬರುತ್ತಿತ್ತು, ಮರುವಾರದ ಭಾನುವಾರ ನಮ್ಮ ಹಿತ್ತಲಿನಲ್ಲಿ ಕೂಟ, ನಲವತ್ತು ಜನ. ಹೊಸ ವರ್ಷಕ್ಕೆ ಹಳೆಯ ಕೊಳೆ ಮನೆಯಲ್ಲಿರಬಾರದೆಂದು ಕರ್ಟನ್ನು ಒಗೆದ ದಿನವೇ ತಮ್ಮ ಎಲೆಗಳನ್ನೂ ಒಂದೊಂದಾಗಿ ಕಿತ್ತು, ತಮ್ಮನ್ನು ಮಾರ್ಚಿನ ಗಾಳಿಯಲ್ಲಿ ಬರಿಮೈಯಲ್ಲಿ ನಿಲ್ಲಿಸಿದೆ. ಕಿಟಕಿಯಿಂದ ನೋಡಿದ ಶ್ರೀಲತಾ, "ಪಾಪ ರೀ, ಸ್ನಾನಕ್ಕೆ ಬಟ್ಟೆ ಬಿಚ್ಚಿಸಿ ಬಿಸಿನೀರು ಕಾಯಿಸೋದು ಮರೆತ ಹಾಗಿದೆ" ಎಂದಳು. ಅವಳು ವೈದ್ಯೆ, ಅವಳ ಹೋಲಿಕೆಗಳು ನಿಖರವಾಗಿರುತ್ತವೆ.

ಇನ್ನು ಆ ಭಾನುವಾರ. ಅದನ್ನು ನೆನೆದರೆ ತಮಗೆ ಮೈ ನಡುಗುವುದು ಸಹಜ. ನಮ್ಮ ಕೂಟದ ನಲವತ್ತು ಜನರಲ್ಲಿ ಹದಿನಾಲ್ಕು ಮಂದಿ ಡಾಕ್ಟರು. ಹೋಳಿಗೆಯ ತಟ್ಟೆ ಹಿಡಿದು ಹಿತ್ತಲಿಗೆ ಇಳಿದವರಿಗೆ ನಾನು, ಇವರು ಚಿಗುರುತ್ತಿಲ್ಲ ಎಂದುಬಿಟ್ಟೆ. ರಜೆಯ ದಿನ ರೋಗಿಯೊಬ್ಬ ಸಿಕ್ಕಿದರೆ ವೈದ್ಯರ ಮುಖದಲ್ಲಿ ಕಾಣುವ ಕಳೆಯನ್ನು ನಾನು ಆವತ್ತು ಕಂಡೆ. ಧಾರವಾಡದ ಡಾಕ್ಟರ್ ಮಧುಸೂದನ್, ವೃದ್ಧರ ವಿಭಾಗದವರು, ದೂರದಿಂದಲೇ ನೋಡಿ, "ಏನೂ ಮಾಡಬ್ಯಾಡ್ರಿ. ವಯಸ್ಸಾದವರು ಹಿಂಗ, ಏಳೂದು ತಡ" ಎಂದು ತೀರ್ಪು ಕೊಟ್ಟರು. ಇವರಿಗೆ ಎರಡೇ ವರ್ಷ ಎಂದೆ. "ಎರಡೇ ವರ್ಷ ಏನ್ರಿ? ಹಂಗಿದ್ರ ಇದು ನನ್ನ ಕೇಸ್ ಅಲ್ಲ ಬಿಡ್ರಿ" ಎಂದು ಹೋಳಿಗೆಗೆ ಮರಳಿದರು. ಚರ್ಮದ ಡಾಕ್ಟರ್ ಪ್ರಾಚಿ ಬಗ್ಗಿ, ಉಗುರಿನಿಂದ ತಮ್ಮಲ್ಲೊಬ್ಬರ ತೊಗಟೆಯನ್ನು ಒಂಚೂರು ಕೆರೆದು, "ಒಳಗೆ ಹಸಿರಿದೆ. ಜೀವ ಇದೆ. ಗಾಬರಿ ಬೇಡ" ಎಂದರು. ಅದು ಸರಿಯಾದ ಪರೀಕ್ಷೆ; ಕರಪತ್ರದಲ್ಲೂ ಇತ್ತು. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಒಬ್ಬ ಡಾಕ್ಟರು ಕೆರೆದದ್ದನ್ನು ಇನ್ನೊಬ್ಬ ಡಾಕ್ಟರು ನಂಬಿದ ಉದಾಹರಣೆ ವೈದ್ಯಶಾಸ್ತ್ರದಲ್ಲಿ ಇಲ್ಲ. ಮೂಳೆಯ ಡಾಕ್ಟರ್ ತಿಮ್ಮಯ್ಯ, "ನಾನೇ ನೋಡದೆ ಹೇಗೆ ಹೇಳೋದು?" ಎಂದು ತಾವೂ ಕೆರೆದರು, ಹಸಿರು ಕಂಡರು, ಅಚ್ಚರಿಪಟ್ಟರು. ಅವರ ಹಿಂದೆ ಕಿವಿಯವರು, ಕಿಡ್ನಿಯವರು, ಅರಿವಳಿಕೆಯವರು. ನೆಲಕ್ಕೆ ಹಾಸಿದ ಕಲ್ಲು ಏಳನೆಯ ಸಸಿಯ ಹತ್ತಿರ ಮುಗಿದು ಆಚೆಗೆ ಒದ್ದೆ ಹುಲ್ಲು, ಎಲ್ಲರ ಕಾಲಲ್ಲೂ ಹಬ್ಬದ ಚಪ್ಪಲಿ, ಮೈಮೇಲೆ ರೇಷ್ಮೆ. ಹೀಗಾಗಿ, ಹೋಳಿಗೆ ಮುಗಿಸಿ ಮರಳಿ ಬಂದ ಮಧುಸೂದನ್ ಸೇರಿ, ಹದಿನಾಲ್ಕು ಮಂದಿಯೂ ಕಲ್ಲಿನ ಅಂಚಿನಲ್ಲಿ ಸಾಲಾಗಿ ಬಂದು ಏಳನೆಯವರನ್ನೇ ಕೆರೆದರು. ಒಬ್ಬೊಬ್ಬರೂ ಹೊಸ ಜಾಗದಲ್ಲಿ. ಕೊನೆಗೆ ಏಳನೆಯವರ ನಡುವಿನಲ್ಲಿ ಬೆರಳಗಲ ಸುತ್ತಲೂ ತೊಗಟೆಯೇ ಉಳಿಯಲಿಲ್ಲ. ಬದುಕಿದ್ದಾರೆ ಎಂದು ಹದಿನಾಲ್ಕು ಸಲ ಸಾಬೀತಾದ ಮೇಲೆ ಬದುಕಿರುವುದು ಎಷ್ಟು ಕಷ್ಟ ಎಂಬುದನ್ನು ಅವರಿಂದ ಕಲಿತೆ.

ಆಗ ಇಜಾಬೆಲ್ ಬಂದರು. ಕೈಯಲ್ಲಿ ತಟ್ಟೆ. ಸಾಲನ್ನು ನೋಡಿದರು, ಏಳನೆಯವರನ್ನು ನೋಡಿದರು. "ಎಂಥ ಮಾಡ್ತಾ ಇದ್ದೀರಿ ನೀವೆಲ್ಲ? ಪೇಷಂಟನ್ನು ಮುಟ್ಟುವ ಮೊದಲು ಕೈ ತೊಳೆದಿದ್ದೀರಾ?" ಹದಿನಾಲ್ಕು ಮಂದಿ ತಜ್ಞರು ಹೋಳಿಗೆಯ ತುಪ್ಪ ಅಂಟಿದ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು. ಈ ದೇಶದ ಆಸ್ಪತ್ರೆಗಳನ್ನು ನಿಜವಾಗಿ ಯಾರು ನಡೆಸುತ್ತಾರೆ ಎಂಬ ನನ್ನ ಬಹುಕಾಲದ ಸಂಶಯ ಅಲ್ಲಿಗೆ ಪರಿಹಾರವಾಯಿತು. ಸಂಜೆಯೊಳಗೆ ಒಂದು ರಟ್ಟಿನ ತುಂಡಿನ ಮೇಲೆ ‘ಭೇಟಿಗೆ ಅವಕಾಶವಿಲ್ಲ’ ಎಂದು ದಪ್ಪಕ್ಷರದಲ್ಲಿ ಮಾಳವಿಕಾಳಿಂದ ಕನ್ನಡದಲ್ಲೇ ಬರೆಸಿ ತಮ್ಮ ಮುಂದೆ ನೆಟ್ಟರು. "ನೋಡಿ ಮುಕುಂದಣ್ಣ, ಮಜ್ಜಿಗೆ ಇಲ್ಲ, ಕಾಫಿ ಇಲ್ಲ. ಮಳೆ ಬರದಿದ್ರೆ ವಾರಕ್ಕೊಂದು ಬಕೆಟ್ ನೀರು, ಬರೀ ನೀರು. ಆ ಮರದ ಚೂರನ್ನು ಕಾಂಡದಿಂದ ಆಚೆ ಸರಿಸಿ, ಅದಕ್ಕೆ ಉಸಿರು ಕಟ್ತದೆ. ಮತ್ತೆ ನೀವು ಮಾತಾಡ್ಲಿಕ್ಕಿಲ್ಲ. ಯಾವ ಪೇಷಂಟಿಗೂ ಅಷ್ಟು ಮಾತು ಒಳ್ಳೇದಲ್ಲ." ಅರ್ಧ ಪುಟದ ಕರಪತ್ರದಲ್ಲಿ ಇದ್ದದ್ದೂ ಇದೇ, ಆದರೆ ಅದಕ್ಕೆ ಬೈಯಲು ಬರುತ್ತಿರಲಿಲ್ಲ.

ಈ ಮಧ್ಯೆ ಹಿತ್ತಲಿನ ತುದಿಯ ಕಡೆಗೆ ತಾವು ಒಮ್ಮೆಯಾದರೂ ಕಣ್ಣು ಹಾಯಿಸಿದ್ದೀರಾ? ಒಂದೇ ಗೋಣಿಚೀಲದಲ್ಲಿ ಬಂದ ತಮ್ಮ ಒಡಹುಟ್ಟಿದವರು, ಗಿಲ್ಬರ್ಟ್ ಅವರ ಹನ್ನೆರಡು ಮಂದಿ, ಏಪ್ರಿಲ್ ಹತ್ತಕ್ಕೇ ಬೀಸಣಿಗೆ ಮಡಿಸಿದಂಥ ಗೆರೆಗೆರೆಯ ಪುಟ್ಟ ಎಲೆಗಳನ್ನು ಬಿಚ್ಚಿ ಬಿಸಿಲಿನಲ್ಲಿ ಮಿಂಚುತ್ತಿದ್ದಾರೆ. ಅವರಿಗೆ ಬಂಗುಡೆ ಮೀನು ತೊಳೆದ ನೀರು; ತಮಗೆ ಶುದ್ಧ ಸಸ್ಯಾಹಾರ. ಆ ವಾಸನೆಗೆ ನರಿಯೊಂದು ಹಾಡಹಗಲೇ ಬಂದು ಅವರ ಬುಡ ಕೆದಕಿ ಹೋಯಿತು, ಆದರೂ ಅವರು ಚಿಗುರಿದರು. ತಮ್ಮ ಕಡೆ ನರಿಯೂ ತಿರುಗಿ ನೋಡಲಿಲ್ಲ. ಅಲ್ಲಿ ಬಿಸಿಲು ಹೆಚ್ಚು, ಇಲ್ಲಿ ಮನೆಯ ನೆರಳು, ಅದಕ್ಕೆ ಎರಡು ವಾರದ ವ್ಯತ್ಯಾಸ ಸಹಜ ಎಂದು ಶ್ರೀಲತಾ ವೈಜ್ಞಾನಿಕವಾಗಿ ಸಮಾಧಾನ ಹೇಳುತ್ತಾಳೆ. ಗಿಲ್ಬರ್ಟ್ ಅವರು ಕೆಲಸದಿಂದ ಬಂದು ಆ ತುದಿಯ ಹನ್ನೆರಡನ್ನು ನೋಡಿ, ನನ್ನ ಹನ್ನೆರಡನ್ನು ನೋಡಿ, ಓಣಿಯಲ್ಲಿ ನಿಂತ ಪ್ಯಾನೆಲುಗಳ ಮೇಲಿನ ಧೂಳನ್ನು ಒಮ್ಮೆ ಕೈಯಿಂದ ಒರೆಸುತ್ತಾರೆ. ಆ ಧೂಳು ಒರೆಸುವ ಸದ್ದು ನನ್ನ ಎದೆಯ ಮೇಲೆ ಕೇಳಿಸುತ್ತದೆ, ಮಾನ್ಯರೇ. ಮಾಳವಿಕಾ ಮೊನ್ನೆ, "ಅಪ್ಪ, ಫೆನ್ಸ್ ಬಂದ್ರೆ ಕ್ಯಾರೊಲಿನ್ ಮನೆಗೆ ಮುಂದಿನ ಬಾಗಿಲಿಂದ ಹೋಗ್ಲಿಕ್ಕಾಗ್ತದಾ?" ಎಂದು ಕೇಳಿದಳು. ಆಗುತ್ತದೆ ಎಂದೆ. "ಮೆಸೇಜ್ ಮಾಡಿ?" ಎಂದಳು. ನಾನು ಒಳಗೆ ಬಂದು ಈ ಪತ್ರಕ್ಕೆ ಕಾಗದ ಹುಡುಕಿದೆ.

ಆದುದರಿಂದ ತಮ್ಮಲ್ಲಿ ನನ್ನ ಕೆಲವು ಸಣ್ಣಪುಟ್ಟ ಬಿನ್ನಹಗಳು. ಇನ್ನು ಏಳು ದಿನವಿದೆ. ಪೂರ್ಣ ವಸಂತವನ್ನು ನಾನು ಕೇಳುತ್ತಿಲ್ಲ. ತಲೆಗೆ ಒಂದೊಂದು ಎಲೆ ಸಾಕು, ಹಸಿರಾಗಿದ್ದರೆ ಸಾಕು, ಕನ್ನಡಕ ಹಾಕಿದ ಮಧ್ಯವಯಸ್ಕರೊಬ್ಬರಿಗೆ ನಾಲ್ಕಡಿ ದೂರದಿಂದ ಕಂಡರೆ ಸಾಕು. ತಮ್ಮಲ್ಲಿ ಬಲವುಳ್ಳವರು ಎರಡು ಬಿಟ್ಟರೆ ಒಂದನ್ನು ಪಕ್ಕದವರಿಗೆ ಸಾಲ ಕೊಡುವ ಪದ್ಧತಿ ಸಸ್ಯಲೋಕದಲ್ಲಿ ಇದೆಯೇ ಎಂದು ದಯಮಾಡಿ ವಿಚಾರಿಸಿ. ಸೂರ್ಯನಿಗೆ ಅಡ್ಡ ನಿಂತಿರುವ ನಮ್ಮ ಮನೆಯನ್ನು ಒಂದು ವಾರದ ಮಟ್ಟಿಗೆ ಹೇಸ್ ಊರಿನ ಕಡೆಗೆ ಸರಿಸಲು ನಾನು ಸಿದ್ಧ, ಕೌನ್ಸಿಲ್ಲಿನ ಅನುಮತಿಗೆ ಹತ್ತು ವಾರ ಬೇಕಾಗುತ್ತದೆ ಎಂಬುದೊಂದೇ ಅಡಚಣೆ. ಇದಾವುದೂ ಆಗದಿದ್ದರೆ, ಮೇ ಒಂದನೆಯ ತಾರೀಖನ್ನು ಸ್ವಲ್ಪ ಮುಂದಕ್ಕೆ ದೂಡುವ ಬಗ್ಗೆ ಋತುಗಳ ಮೇಲಧಿಕಾರಿಗಳಲ್ಲಿ ತಾವೇ ಒಂದು ಮಾತು ಹೇಳಬೇಕು. ಇಂಗ್ಲೆಂಡಿನ ವಸಂತಕ್ಕೂ ಟ್ಯೂಬ್ ರೈಲಿಗೂ ತಡವಾಗುವುದರಲ್ಲಿ ಎಂದೂ ನಾಚಿಕೆಯಾದದ್ದನ್ನು ನಾನು ಕಂಡಿಲ್ಲವಾದ್ದರಿಂದ ಇದು ಕಷ್ಟವಾಗಲಾರದು.

ಇಷ್ಟು ಬರೆದು, ಸಹಿ ಹಾಕುವ ಮೊದಲು ಇನ್ನೊಂದು ಹೊಗಳಿಕೆ ಸೇರಿಸೋಣವೆಂದು ಮೇಜಿನ ಮೇಲೆ ಬಿಟ್ಟಿದ್ದೆ. ಈಗ ಮೇ ಮೂರು. ನಡೆದದ್ದನ್ನು ಸೇರಿಸದೆ ಕಳಿಸಿದರೆ ತಮಗೆ ಅನ್ಯಾಯವಾಗುತ್ತದೆ.

ಏಪ್ರಿಲ್ ಇಪ್ಪತ್ತಾರರ ರಾತ್ರಿಯಿಡೀ ಮಳೆ, ಮರುದಿನ ಬಿಸಿಲು. ಇಪ್ಪತ್ತೆಂಟಕ್ಕೆ ಮೂರನೆಯವರು, ಹನ್ನೊಂದನೆಯವರು. ಇಪ್ಪತ್ತೊಂಬತ್ತಕ್ಕೆ ಒಮ್ಮೆಗೇ ಆರು ಮಂದಿ. ಇಜಾಬೆಲ್ ಅವರ ಆಜ್ಞೆಯನ್ನು ಮೀರದೆ ನಾನು ಅಡುಗೆಮನೆಯ ಕಿಟಕಿಯೊಳಗಿನಿಂದಲೇ, ಬಾಯಿಗೆ ಟೀ ಟವಲು ಅಡ್ಡ ಹಿಡಿದು ಕುಣಿದೆ. ಗ್ಯಾಸಿನ ಮೇಲಿದ್ದ ಹಾಲು ಉಕ್ಕಿತು, ಶ್ರೀಲತಾ ಅದನ್ನೂ ಶುಭವೆಂದು ಬಿಟ್ಟಳು. ಮೂವತ್ತಕ್ಕೆ ಇನ್ನೂ ಮೂವರು. ಹನ್ನೊಂದು. ಎಲೆಯೆಂದರೆ ಎಲೆ, ಮಡಿಕೆ ಬಿಚ್ಚದ ಹೊಸ ಸೀರೆಯಂಥದು. ತಾವೆಲ್ಲ ಇಷ್ಟು ಚೆನ್ನಾಗಿ ಚಿಗುರಬಲ್ಲವರು ಎಂದು ಗೊತ್ತಿದ್ದರೆ ನಾನು ಇಷ್ಟು ಬೈಯುತ್ತಿರಲಿಲ್ಲ. ಬೈಯುತ್ತಿದ್ದೆ, ಇಷ್ಟು ವಿನಯದಿಂದ ಬೈಯುತ್ತಿರಲಿಲ್ಲ.

ಏಳನೆಯವರು ಮಾತ್ರ ಕಡ್ಡಿ. ಮುಟ್ಟಿದರೆ ಸುಲಭವಾಗಿ ಮುರಿಯುವ ಕಡ್ಡಿ.

ಮೇ ಒಂದರ ಮಧ್ಯಾಹ್ನ ಎರಡೂವರೆಗೆ ಗಿಲ್ಬರ್ಟ್ ಅವರು ಶಿಫ್ಟ್ ಮುಗಿಸಿ, ಕಾರ್ಖಾನೆಯ ಬಿಳಿ ಕೋಟನ್ನೂ ತೆಗೆಯದೆ, ಹೆಬ್ಬೆರಳಿನಿಂದ ಒತ್ತಿ ಬನ್ನು ಎಣಿಸುವ ಕ್ಲಿಕ್ ಯಂತ್ರ ಹಿಡಿದು ಬಂದರು. ನಾನು ಎರಡು ಪುಟದ ವಾದ ಬರೆದಿಟ್ಟುಕೊಂಡಿದ್ದೆ. ಬರಿ ಬೇರಿನ ಸಸಿಗಳಲ್ಲಿ ಕೆಲವು ಹಿಡಿಯದಿರುವುದು ಸಾಮಾನ್ಯ, ನರ್ಸರಿಯವರು ಬದಲಿ ಕೊಡುತ್ತಾರೆ, ಇತ್ಯಾದಿ. ತುದಿಯಿಂದ ಶುರುಮಾಡಿದರು. ಅವರ ಪಾಲಿನ ಹನ್ನೆರಡು, ಹನ್ನೆರಡು ಕ್ಲಿಕ್ಕು. ಆಮೇಲೆ ನಮ್ಮ ಕಡೆಗೆ ಬಂದರು, ಹಿಂದಿನಿಂದ ಮುಂದಕ್ಕೆ, ಹನ್ನೆರಡನೆಯವರಿಂದ. ಪ್ರತಿಯೊಬ್ಬರ ಮುಂದೆಯೂ ಬಗ್ಗಿ, ಎಲೆಯನ್ನು ಬೆರಳಿನಲ್ಲಿ ಎತ್ತಿ ನೋಡಿ, ಕ್ಲಿಕ್. 

ಏಳನೆಯವರ ಮುಂದೆ ನಿಂತರು. ಬಗ್ಗಿದರು. ಕನ್ನಡಕ ಮೇಲೆತ್ತಿ ನೋಡಿದರು, ಕೆಳಗಿಳಿಸಿ ನೋಡಿದರು. ತೊಗಟೆಯಿಲ್ಲದ ಆ ಬೆರಳಗಲದ ಪಟ್ಟಿಯ ಮೇಲೆ ಹೆಬ್ಬೆರಳನ್ನು ಒಮ್ಮೆ ಆಡಿಸಿದರು. ಅಡುಗೆಮನೆಯ ಮೆಟ್ಟಿಲ ಮೇಲೆ ಮಾಳವಿಕಾ ಮತ್ತು ಕ್ಯಾರೊಲಿನ್ ಒಂದೇ ತಟ್ಟೆಯಿಂದ ಚುರುಮುರಿ ತಿನ್ನುತ್ತ ಕೂತಿದ್ದವರು ತಿನ್ನುವುದನ್ನು ನಿಲ್ಲಿಸಿದ್ದರು. ನಾನು ಜೇಬಿನಿಂದ ಎರಡು ಪುಟ ತೆಗೆದೆ. ಆಗ ಮಾಳವಿಕಾ ಕೂತಲ್ಲಿಂದಲೇ, "ಅಂಕಲ್, ಅದು ಸ್ವಲ್ಪ ಹುಷಾರಿಲ್ಲ ಅಷ್ಟೇ. ಅದಕ್ಕೂ ಒಂದು ಎಣಿಸ್ಲಿಕ್ಕುಂಟಾ?" ಎಂದು ಕೇಳಿದಳು.

ಗಿಲ್ಬರ್ಟ್ ಅವರು ಅವಳನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಕ್ಲಿಕ್. ಆಮೇಲೆ ಆರು, ಐದು, ನಾಲ್ಕು ಎಂದು ಮೊದಲಿನವರವರೆಗೂ ಹೋಗಿ, ಯಂತ್ರವನ್ನು ನನ್ನ ಮುಖದ ಮುಂದೆ ಹಿಡಿದು, "ಇಪ್ಪತ್ತನಾಲ್ಕು. ಸರಿ ಉಂಟು" ಎಂದರು. ಈಚೆ ಬಂದು ನಿಂತಿದ್ದ ಇಜಾಬೆಲ್, "ನಿಮ್ಮ ಕನ್ನಡಕ ಬದಲಾಯಿಸ್ಬೇಕು" ಎಂದರು. "ಕನ್ನಡಕ ಸರಿ ಉಂಟು" ಎಂದು ಗಿಲ್ಬರ್ಟ್ ಹೇಳಿ, ಹುಡುಗಿಯರ ತಟ್ಟೆಯಿಂದ ಒಂದು ಹಿಡಿ ಚುರುಮುರಿ ತೆಗೆದುಕೊಂಡು ಒಳಗೆ ಹೋದರು. ಹದಿನೆಂಟು ವರ್ಷದಲ್ಲಿ ಒಂದು ಬನ್ನಿಗೂ ಬಿಟ್ಟುಕೊಡದ ಮನುಷ್ಯ. ನನ್ನ ಎರಡು ಪುಟವನ್ನು ಮಡಿಸಿ ಜೇಬಿಗೆ ಹಾಕಿಕೊಂಡೆ. ಅಷ್ಟು ಒಳ್ಳೆಯ ವಾದ ಅಷ್ಟು ನಿರರ್ಥಕವಾದದ್ದಕ್ಕೆ ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಹೀಗಾಗಿ ಕೊನೆಯ ಬಿನ್ನಹ, ಮತ್ತು ಇದು ಆರನೆಯವರಿಗೂ ಎಂಟನೆಯವರಿಗೂ ವಿಶೇಷವಾಗಿ. ಬೇರು ಬಿಡಿ, ರೆಂಬೆ ಬಿಡಿ, ವರ್ಷಕ್ಕೆ ಒಂದಡಿಯಂತೆ ಆರೋಗ್ಯವಾಗಿ ಬೆಳೆಯಿರಿ; ಹಕ್ಕಿಗೆ ಗೂಡು ಕೊಡಿ, ಗಿಲ್ಬರ್ಟ್ ಅವರಿಗೆ ಪಾಗಾರ ಕೊಡಿ. ಆದರೆ ತಮ್ಮಿಬ್ಬರ ನಡುವೆ, ಏಳನೆಯವರನ್ನು ನಿನ್ನೆ ಮೆಲ್ಲಗೆ ಕಿತ್ತು ತೆಗೆದ ಖಾಲಿ ಜಾಗದ ಕಡೆಗೆ ಮಾತ್ರ ದಯಮಾಡಿ ಕೈ ಚಾಚಬೇಡಿ. ನರ್ಸರಿಯವರು ಬದಲಿ ಸಸಿ ಕಳಿಸುತ್ತೇವೆಂದರು, ನಾನು ಬೇಡವೆಂದೆ. ಇಂದು ಬೆಳಗ್ಗೆ ಇಜಾಬೆಲ್ ಅವರು ತಟ್ಟೆ ಹಿಡಿದು ಬರುವಾಗ ಅಲ್ಲಿಂದಲೇ, ನೈಟಿಯ ಅಂಚನ್ನು ಒಂಚೂರು ಎತ್ತಿ, ತಮಗೆ ತಾಗದಂತೆ ದಾಟಿ ಬಂದರು. ತಟ್ಟೆ ಹಿಡಿದ ಒಬ್ಬ ಮನುಷ್ಯನಿಗೆ ಸರಿಯಾದ ಅಗಲ ಅದು.

ಇತಿ, ಇನ್ನು ಮುಂದೆ ಮಜ್ಜಿಗೆಯನ್ನು ತಾನೇ ಕುಡಿಯುವುದಾಗಿ ಪ್ರತಿಜ್ಞೆ ಮಾಡಿರುವ,

ತಮ್ಮ ವಿಶ್ವಾಸಿ,
ಮುಕುಂದ

ತಾಜಾಕಲಮು: ಆಗಸ್ಟಿನ ಕೊನೆಯಲ್ಲಿ ತಮಗೆ ಮೊದಲ ಕತ್ತರಿ ಬೀಳಬೇಕೆಂದು ಕರಪತ್ರ ಹೇಳುತ್ತದೆ. ಕತ್ತರಿ ಗಿಲ್ಬರ್ಟ್ ಅವರ ಕೈಯಲ್ಲಿರುತ್ತದೆ, ದಾರವೂ ಮಟ್ಟಗೋಲೂ ಆಗಲೇ ತಯಾರಾಗಿವೆ. ಜೀವಮಾನದಲ್ಲಿ ಅವರು ಲೆಕ್ಕ ತಪ್ಪಿದ್ದು ಒಂದೇ ಒಂದು ಸಲ, ಅದೂ ತಮ್ಮ ಕಣ್ಣೆದುರಿಗೇ. ಅವರದು ದೃಷ್ಟಿದೋಷವೆಂದು ನಂಬಿ ತಾವೇನಾದರೂ ಅರ್ಧ ಅಂಗುಲ ಹೆಚ್ಚು ಬೆಳೆದು ನೋಡುವ ಯೋಚನೆಯಲ್ಲಿದ್ದರೆ, ಹದಿನಾಲ್ಕು ಮಂದಿ ವೈದ್ಯರೂ ಶಸ್ತ್ರಚಿಕಿತ್ಸೆ ನೋಡಲು ಬರುವುದಾಗಿ ಈಗಲೇ ಮೆಸೇಜು ಹಾಕಿದ್ದಾರೆ.